ವಿದ್ವಾಂಸನ ಕಾಲರು ತೊಳೆದ ಮಗಳು

ಒಲೆಯ ಮೇಲೆ ಎರಡು ಪಾತ್ರೆಗಳಿದ್ದವು. ದೊಡ್ಡದರಲ್ಲಿ ರಾತ್ರಿಯ ಊಟಕ್ಕೆ ಕೆಂಪು ಕುಚ್ಚಲಕ್ಕಿ, ಚಿಕ್ಕದರಲ್ಲಿ ಒಂದು ಹಿಡಿ ಬಿಳಿ ಬೆಳ್ತಿಗೆ ಅಕ್ಕಿ. ಬೆಳ್ತಿಗೆ ತಿನ್ನುವುದಕ್ಕಲ್ಲ. ಅದರ ಗಂಜಿತಿಳಿಯಲ್ಲಿ ಅದ್ದಿ ಒಣಗಿಸಿ ಇಸ್ತ್ರಿ ಹಾಕಿದರೆ ಬಿಳಿ ಬಟ್ಟೆ ಕಾಗದದ ಹಾಗೆ ಸೆಟೆದು ನಿಲ್ಲುತ್ತದೆ. ಊರಿನಲ್ಲಿ ಇಗರ್ಜಿಯ ಪೀಠದ ಬಟ್ಟೆಗೆ ನಮ್ಮ ಅಮ್ಮ ಹಾಕುತ್ತಿದ್ದದ್ದು ಅದನ್ನೇ. ಕುಚ್ಚಲಕ್ಕಿಯ ಅನ್ನ ಬಸಿಯುತ್ತಿದ್ದೆ, ಫೋನ್ ಬಂತು. ಮಗಳ ಶಾಲೆಯಿಂದ, ಇತಿಹಾಸದ ಟೀಚರ್.

ಆಗ ನಾವು ಸಿಡ್ನಿಯ ವೆಸ್ಟ್‌ಮೀಡ್‌ನಲ್ಲಿ ಸ್ಟೇಷನ್ ಹತ್ತಿರದ ಒಂದು ಫ್ಲಾಟಿನಲ್ಲಿ ರೆಂಟಿಗೆ ಇದ್ದೆವು. ಗಂಡನಿಗೆ ಲ್ಯಾಬಿನಲ್ಲಿ ಕೆಲಸ, ಮಗಳು ಇಯರ್ ಎಯ್ಟ್. ಆ ಶುಕ್ರವಾರ ಶಾಲೆಯ ಹಾಲ್‌ನಲ್ಲಿ ಮಕ್ಕಳೆಲ್ಲ ಮುನ್ನೂರು ನಾನ್ನೂರು ವರ್ಷ ಹಿಂದಿನ ಯುರೋಪಿನ ಪ್ರಸಿದ್ಧರ ವೇಷ ಹಾಕಿ ನಿಲ್ಲಬೇಕಿತ್ತು. ತಂದೆತಾಯಂದಿರು ಒಬ್ಬೊಬ್ಬರ ಮುಂದೆ ನಿಂತು ಅವರ ಮಾತು ಕೇಳುವುದು. ನನ್ನ ಮಗಳು ಆರಿಸಿಕೊಂಡದ್ದು ಪ್ರಸಿದ್ಧರೊಬ್ಬರ ಮಗಳನ್ನು. ದೂರದರ್ಶಕದಲ್ಲಿ ಗುರುಗ್ರಹದ ಚಂದ್ರರನ್ನು ಕಂಡ, ಭೂಮಿಯೇ ಸೂರ್ಯನ ಸುತ್ತ ತಿರುಗುವುದು ಎಂದು ಹೇಳಿ ಶಿಕ್ಷೆಗೆ ಒಳಗಾದ ಇಟಲಿಯ ವಿದ್ವಾಂಸನ ಹಿರಿಯ ಮಗಳು. ಕಾನ್ವೆಂಟಿನಲ್ಲಿ ಸನ್ಯಾಸಿನಿ, ಸಿಸ್ಟರ್ ಆಗಿದ್ದವಳು.

ಟೀಚರ್ ಬಹಳ ನಯವಾಗಿಯೇ ಮಾತಾಡಿದರು. ಆಯ್ಕೆ ಸ್ವಾರಸ್ಯವಾಗಿದೆ, ಆದರೆ ಪಟ್ಟಿಯಲ್ಲಿ ಇರಬೇಕಾದವರು ಏನಾದರೂ ಸಾಧಿಸಿದವರು. ಈ ಸಿಸ್ಟರ್ ಹಾಗೆ ಏನನ್ನೂ ಮಾಡಿಲ್ಲವಲ್ಲ? ವಿದ್ವಾಂಸನಾಗಿ ಇನ್ನೊಬ್ಬ ಹುಡುಗಿ ನಿಲ್ಲುತ್ತಿದ್ದಾಳೆ, ನಿಮ್ಮ ಮಗಳು ಅವಳ ಪಕ್ಕದಲ್ಲಿ ದೂರದರ್ಶಕ ಹಿಡಿದುಕೊಳ್ಳಲಿ, ನೀವು ವೇಷ ಹೊಲಿಯುವ ತೊಂದರೆ ತೆಗೆದುಕೊಳ್ಳಬೇಡಿ, ಎಂದರು.

ನಾನು ಏನು ಹೇಳಿದೆ? "ಓಕೆ, ಥ್ಯಾಂಕ್ಯೂ" ಎಂದೆ. ಒಂದಲ್ಲ, ಮೂರು ಸಲ ಥ್ಯಾಂಕ್ಯೂ ಹೇಳಿ ಫೋನ್ ಇಟ್ಟೆ.

ಸಿಟ್ಟು ಬಂದದ್ದು ಆಮೇಲೆ. ಮೊದಲು ನನ್ನ ಮೇಲೆ, ಆ ಮೂರು ಥ್ಯಾಂಕ್ಯೂಗಳಿಗಾಗಿ. ಆಮೇಲೆ ಆ ಒಂದು ಮಾತಿನ ಮೇಲೆ. ಏನನ್ನೂ ಮಾಡಿಲ್ಲ! ಸಿಟ್ಟಿನಲ್ಲಿ ಕೈ ಏನು ಮಾಡುತ್ತಿದೆ ಎಂದು ನೋಡಲಿಲ್ಲ. ಮಗಳು ವೇಷದಲ್ಲಿ ಕೈಯಲ್ಲಿ ಹಿಡಿಯಲೆಂದು ಹಳೆಯ ಬೆಡ್‌ಶೀಟಿನಿಂದ ಹೊಲಿದಿಟ್ಟಿದ್ದ, ಕುತ್ತಿಗೆ ಸುತ್ತ ಮಡಿಕೆ ಮಡಿಕೆಯಾಗಿ ನಿಲ್ಲುವ ಹಳೇ ಕಾಲದ ಕಾಲರನ್ನು ತೆಗೆದು ಬಸಿದಿಟ್ಟ ತಿಳಿಯಲ್ಲಿ ಅದ್ದಿಬಿಟ್ಟೆ. ಕುಚ್ಚಲಕ್ಕಿಯ ಕೆಂಪು ತಿಳಿಯಲ್ಲಿ. ಎತ್ತಿದಾಗ ಹಾಲಿನಂತಿದ್ದ ಬಟ್ಟೆ ಕಂದು ಬಣ್ಣಕ್ಕೆ ತಿರುಗಿತ್ತು. ಎರಡು ಸಲ ಹಿಂಡಿ ತೊಳೆದೆ, ಹೋಗಲಿಲ್ಲ.

ಆ ಕಾಲರಿನ ಕತೆ ಹೇಳದಿದ್ದರೆ ನನ್ನ ಸಿಟ್ಟು ಯಾರಿಗೂ ಅರ್ಥವಾಗದು. ನಾನು ಇಸ್ತ್ರಿ ಹಾಕುವಾಗ ಮಗಳು ಎದುರು ಕೂತು ಲೈಬ್ರರಿ ಪುಸ್ತಕವನ್ನು ಗಟ್ಟಿಯಾಗಿ ಓದುವುದು ನಮ್ಮಲ್ಲಿ ರೂಢಿ. ಅವಳ ಇಂಗ್ಲಿಷ್ ಸರಾಗ, ನನ್ನದು ತಡವರಿಸುವುದು. ಗೊತ್ತಾಗದ ಕಡೆ ನಿಲ್ಲಿಸಿ ಕೇಳುತ್ತೇನೆ. ಹಾಗೆ ಕೇಳಿಸಿಕೊಂಡದ್ದು ಇದು. ವಿದ್ವಾಂಸ ಅವಳ ತಾಯಿಯನ್ನು ಮದುವೆಯಾಗಿರಲಿಲ್ಲ. ಅಂಥ ಹುಡುಗಿಗೆ ಗಂಡು ಸಿಗುವುದಿಲ್ಲವೆಂದು ಹದಿಮೂರನೆಯ ವಯಸ್ಸಿಗೇ ಅವಳನ್ನು ಕಾನ್ವೆಂಟಿಗೆ ಸೇರಿಸಿದ. ತಪ್ಪು ಯಾರದು, ಶಿಕ್ಷೆ ಯಾರಿಗೆ? ನನ್ನ ಮಗಳಿಗೂ ಆಗ ಹದಿಮೂರೇ. ಕಾನ್ವೆಂಟಿನೊಳಗಿಂದಲೇ ಅವಳು ಅಪ್ಪನ ಕಾಲರುಗಳನ್ನು ಬಿಳಿ ಮಾಡಿ ಕಳಿಸುತ್ತಿದ್ದಳು. ಹಣ್ಣನ್ನು ಸಕ್ಕರೆ ಪಾಕದಲ್ಲಿ ಬೇಯಿಸಿ ಕಳಿಸುತ್ತಿದ್ದಳು. ಔಷಧಿ ಮಾಡುತ್ತಿದ್ದಳು, ಅವನ ಬರಹವನ್ನು ಪ್ರತಿ ಮಾಡಿಕೊಡುತ್ತಿದ್ದಳು.

ರೋಮಿನ ಕಥೋಲಿಕ ಧರ್ಮಸಭೆ ಅವನನ್ನು ತಪ್ಪಿತಸ್ಥನೆಂದಾಗ ಅವನಿಗೆ ಕೊಟ್ಟ ಶಿಕ್ಷೆಗಳಲ್ಲಿ ಒಂದು, ಮೂರು ವರ್ಷ, ವಾರಕ್ಕೊಮ್ಮೆ ಏಳು ಪಶ್ಚಾತ್ತಾಪದ ಕೀರ್ತನೆಗಳನ್ನು ಹೇಳಬೇಕು ಎಂಬುದು. ಅದು ನನ್ನ ಸಭೆಯೇ. ಜಪಸರ ಹಿಡಿಯದೆ ನಾನು ಮಲಗುವವಳಲ್ಲ, ಆದರೂ ಹೇಳುತ್ತೇನೆ, ಮುದುಕನಿಗೆ ಹಾಗೆ ಮಾಡಿದ್ದು ಅನ್ಯಾಯ. ಆಮೇಲೆ ಸಭೆಯೇ ತಪ್ಪಾಯಿತು ಎಂದಿತು, ನಾನು ಹೇಳಿದರೆ ಏನು ಪಾಪ? ಆ ಕೀರ್ತನೆಗಳ ಹೊರೆಯನ್ನು ಮಗಳು ತಾನೇ ಹೊತ್ತುಕೊಂಡಳು. ನಿಮ್ಮ ಬದಲು ನಾನು ಹೇಳುತ್ತೇನೆ ಎಂದಳು. ಮೂವತ್ತಮೂರಕ್ಕೆ ತೀರಿಕೊಂಡಳು. ಅವಳು ಬರೆದ ಕಾಗದಗಳನ್ನು ಅಪ್ಪ ಇಟ್ಟುಕೊಂಡದ್ದರಿಂದ ಅವು ಉಳಿದವು. ಅವನು ಅವಳಿಗೆ ಬರೆದವು ಒಂದೂ ಉಳಿದಿಲ್ಲ. ಅಂದು ಇದನ್ನು ಕೇಳಿ ಇಸ್ತ್ರಿ ಪೆಟ್ಟಿಗೆಯನ್ನು ಆರಿಸಿದೆ. ಮಗಳು, "ಮಮ್ಮಿ, ಐ ವಾಂಟ್ ಟು ಬಿ ಹರ್" ಎಂದಳು.

ಫೋನ್ ಬಂದ ದಿನ ಅವಳು ಶಾಲೆಯಿಂದ ಬಂದವಳು ಬ್ಯಾಗು ಸೋಫಾದ ಮೇಲೆ ಎಸೆದಳು.

"ಟೀಚರ್ ನಿನಗೆ ಹೇಳಿದ್ರಾ?" ಎಂದೆ.

"ಇಟ್ಸ್ ಫೈನ್."

"ಎಂತ ಫೈನ್? ನಿಂಗೆ ಬೇಕಾ ಬೇಡ್ವಾ, ಸರಿ ಹೇಳು."

"ನಾಟ್ ಎನಿಮೋರ್." ಮುಖ ಆ ಕಡೆ ತಿರುಗಿಸಿದಳು. "ಕ್ಲಾಸಲ್ಲಿ ನಗಾಡಿದ್ರು. ಅವಳ ಮಮ್ಮಿ ಹಾಗೇ ಲಾಂಡ್ರಿ ಮಾಡಿ ಫೇಮಸ್ ಆಗೋಕೆ ಹೋಗ್ತಿದ್ದಾಳೆ ಅಂತ." ಮಗಳು ಕನ್ನಡದಲ್ಲಿ ಅಷ್ಟು ಉದ್ದ ಮಾತಾಡುವುದೇ ಇಲ್ಲ. ಇಂಗ್ಲಿಷಿನಲ್ಲಿ ಹೇಳಿದರೆ ನನಗೆ ಇನ್ನೂ ಚುಚ್ಚುತ್ತದೆ ಎಂದುಕೊಂಡಳೋ ಏನೋ.

ನನಗೆ ಬಹಳ ನೋವಾಯಿತು. ಹುಡುಗಿಯರು ನಕ್ಕದ್ದಕ್ಕಲ್ಲ, ಮಕ್ಕಳು ನಗುತ್ತವೆ. ನನ್ನ ಮಗಳಿಗೆ ನಾಚಿಕೆಯಾಯಿತಲ್ಲ, ಅದಕ್ಕೆ. ಆ ಸಿಸ್ಟರಿನ ಬಗ್ಗೆ ನಾಚಿಕೆಯಾದರೆ ನಾಳೆ ನನ್ನ ಬಗ್ಗೆಯೂ ಆಗುತ್ತದೆ. ಈ ದೇಶದಲ್ಲಿ ಕಾಯಂ ನೆಲೆಸಲು ಹಾಕಿದ ಪಿಆರ್ ಅರ್ಜಿಯಲ್ಲಿ ಗಂಡನ ಓದಿಗೆ, ಕೆಲಸಕ್ಕೆ, ಇಂಗ್ಲಿಷಿಗೆ ಪಾಯಿಂಟ್ ಸಿಕ್ಕಿತ್ತು. ನಾನು ಅದರಲ್ಲಿ ಡಿಪೆಂಡೆಂಟ್. ಅರ್ಜಿಯವರು ಹಾಗೆ ಬರೆದುಕೊಳ್ಳಲಿ, ನನ್ನ ಮನೆಯ ಮಗು ಬರೆದುಕೊಳ್ಳಬಾರದು.

ಸಂಜೆ ಅಕ್ಕನಿಗೆ ಫೋನ್ ಮಾಡಿದೆ. ಅವಳು ಮೆಲ್ಬರ್ನಿನ ವಿಂಡಮ್ ವೇಲ್‌ನಲ್ಲಿ ಹೊಸ ಮನೆ ಕಟ್ಟಿಸಿಕೊಂಡು ಆರು ತಿಂಗಳಾಗಿತ್ತು, ಸುತ್ತ ಇನ್ನೂ ಬರೀ ಮಣ್ಣಿನ ಗುಡ್ಡೆ.

"ನಿಂಗೆ ತಲೆ ಸರಿ ಉಂಟಾ?" ಎಂದಳು. "ನಾಲ್ಕು ನೂರು ವರ್ಷ ಹಿಂದೆ ಸತ್ತವಳಿಗೋಸ್ಕರ ಶಾಲೆಗೆ ಹೋಗಿ ಲಡಾಯಿ ಮಾಡ್ತೀಯಾ?"

"ಸತ್ತವಳಿಗಲ್ಲ ಅಕ್ಕಾ, ಇದ್ದವಳಿಗೆ."

"ಇದ್ದವಳು ಟೆಲಿಸ್ಕೋಪ್ ಹಿಡಿದ್ರೆ ಕೈ ಸವೆಯುತ್ತಾ? ಟೀಚರ್ ಹತ್ರ ಕಟ್ಟಿಕೊಳ್ಳಬೇಡ ಮಾರಾಯ್ತಿ, ಮಾರ್ಕ್ಸ್ ಅವರ ಕೈಲಿ ಉಂಟು."

"ನೀನು ಏಜ್ಡ್ ಕೇರಿನಲ್ಲಿ ಇಡೀ ದಿನ ಮುದುಕರ ಬಟ್ಟೆ ಬದಲಿಸ್ತೀಯಲ್ಲ, ಸಂಜೆ ಯಾರಾದ್ರೂ ಬಂದು, ಇವಳು ಏನೂ ಮಾಡ್ಲಿಲ್ಲ ಅಂದ್ರೆ?"

ಅಕ್ಕ, "ಹೋಗುವಾಗ ಒಳ್ಳೆ ಚೂಡಿದಾರ್ ಹಾಕ್ಕೊಂಡು ಹೋಗು. ಆ ಹಸಿರು ಬೇಡ, ಅದ್ರಲ್ಲಿ ನೀನು ಕಾಯಿಲೆಯವಳ ಹಾಗೆ ಕಾಣ್ತೀ" ಎಂದಳು.

ಗಂಡ ಊಟ ಮಾಡುತ್ತ ಕೇಳಿಸಿಕೊಂಡು, "ಬೈಬೇಡ, ಅಷ್ಟೇ" ಎಂದರು. ತಡೆಯಲಿಲ್ಲ. ಅದೂ ದೇವರ ದಯೆಯೇ.

ಮರುದಿನ ಬೆಳಿಗ್ಗೆ ಕಂದು ಕಾಲರನ್ನು ಚೀಲದಲ್ಲಿ ಹಾಕಿಕೊಂಡು ಹೋದೆ. ತೋರಿಸಿ ಹೇಳೋಣವೆಂದು, ಬರೀ ಬಾಯಿ ಮಾತಿಗೆ ನನ್ನ ಇಂಗ್ಲಿಷ್ ಸಾಲುವುದಿಲ್ಲ. ರಾತ್ರಿ ಅದನ್ನು ಮರದ ಸೌಟಿನ ಹಿಡಿಗೆ ಒಂದೊಂದು ಮಡಿಕೆ ಸುತ್ತಿ ಇಸ್ತ್ರಿ ಹಾಕಿದ್ದೆ. ಬಣ್ಣ ಕೆಟ್ಟಿದ್ದರೂ ಮಡಿಕೆಗಳು ಒಂದೂ ಬಾಗಿರಲಿಲ್ಲ.

ಟೀಚರ್ ಬಿಡುವು ಮಾಡಿಕೊಂಡು ಕೂರಿಸಿದರು. ಕೀರ್ತನೆಗಳ ವಿಷಯ ಹೇಳಿದೆ, ಕಾಗದಗಳ ವಿಷಯ ಹೇಳಿದೆ. ಅವರು ತಲೆಯಾಡಿಸುತ್ತ ಕೇಳಿದರು. ಮನಸ್ಸಿಗೆ ತಟ್ಟುವ ಕತೆ, ಆದರೆ ಅದು ವಿಜ್ಞಾನವಲ್ಲ, ಹೊಸ ವಿಚಾರವೂ ಅಲ್ಲ, ಒಬ್ಬಳಿಗೆ ಬಿಟ್ಟರೆ ಎಲ್ಲರೂ ಕೇಳುತ್ತಾರೆ, ಎಂದರು. ನಾನು ಚೀಲದಿಂದ ಕಾಲರು ತೆಗೆದು ಮೇಜಿನ ಮೇಲಿಟ್ಟೆ.

ಅವರ ಮುಖವೇ ಬದಲಾಯಿತು. ಎತ್ತಿ ಹಿಡಿದು ಬೆಳಕಿಗೆ ನೋಡಿದರು, ಮಡಿಕೆಗಳನ್ನು ಬೆರಳಿನಿಂದ ಮುಟ್ಟಿದರು. ಎಷ್ಟು ಚೆನ್ನಾಗಿದೆ, ನಿಜವಾಗಿ ಆ ಕಾಲದ್ದೇ ಅನ್ನಿಸುತ್ತದೆ, ಈ ಹಳೆಯ ಬಣ್ಣ ಹೇಗೆ ತಂದಿರಿ, ಎಂದು ಕೇಳಿದರು. ಊಟದ ಗಂಜಿಯಲ್ಲಿ ಕೈ ತಪ್ಪಿ ಅದ್ದಿದೆ ಎಂದು ಹೇಳಲಿಲ್ಲ. ಆಮೇಲೆ ಅವರು ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ಉಳಿದವರೆಲ್ಲ ಕಾಗದದ ಕಾಲರು ಮಾಡಿದ್ದಾರೆ, ಒಂದೂ ನಿಲ್ಲುವುದಿಲ್ಲ. ಇದನ್ನು ವಿದ್ವಾಂಸನ ಪಾತ್ರದವಳಿಗೆ ಕೊಡೋಣ. ಶುಕ್ರವಾರಕ್ಕೆ ಇಂಥದ್ದೇ ಇನ್ನೂ ನಾಲ್ಕು ಮಾಡಿಕೊಡಲು ನಿಮಗೆ ಆಗುತ್ತದೆಯೇ?

ನೋಡಿ! ಕಾಲರು ಬೇಕು. ಕಾಲರು ಮಾಡಿದವಳು ಬೇಡ. ನಾನ್ನೂರು ವರ್ಷ ಹಿಂದೆ ನಡೆದದ್ದನ್ನು ಅವರು ನನ್ನ ಮುಖದ ಮುಂದೆಯೇ ಇನ್ನೊಂದು ಸಲ ಮಾಡುತ್ತಿದ್ದರು. ಪಾಪ, ಅವರಿಗೆ ಅದು ಹೊಳೆದೇ ಇರಲಿಲ್ಲ. ಹೊಳೆಯದಿರುವುದೇ ನನಗೆ ಹೆಚ್ಚು ಸಿಟ್ಟು ತರಿಸಿತು. ಬೇಕೆಂದು ಮಾಡಿದ ಅವಮಾನವನ್ನಾದರೂ ಕ್ಷಮಿಸಬಹುದು, ಪಾಪನಿವೇದನೆಯಲ್ಲಿ ಅದಕ್ಕೊಂದು ಹೆಸರುಂಟು.

ನಾನು ಕಾಲರನ್ನು ಮೇಜಿನಿಂದ ಎತ್ತಿಕೊಂಡೆ. "ಐ ವಿಲ್ ಮೇಕ್ ಫೋರ್" ಎಂದೆ. "ಬಟ್ ದಿ ಕಾಲರ್ ಗರ್ಲ್ ಆಲ್ಸೋ ಸ್ಟ್ಯಾಂಡ್. ಶಿ ನೋ ಸ್ಟ್ಯಾಂಡ್, ನೋ ಕಾಲರ್."

ವ್ಯಾಕರಣ ಹಾಳಾಗಿ ಹೋಗಲಿ, ಅರ್ಥವಾಯಿತು. ಅವರು ಮೊದಲು ನಕ್ಕರು. ನಾನು ನಗಲಿಲ್ಲ. ಕಾಲರನ್ನು ಚೀಲಕ್ಕೆ ಹಾಕತೊಡಗಿದೆ. ಆಗ ಅವರು ಕಿಟಕಿಯ ಕಡೆ ನೋಡಿ, ಎರಡು ನಿಮಿಷ ಮಾತಾಡಲಿ, ವಿದ್ವಾಂಸನ ಪಕ್ಕದಲ್ಲಿ ನಿಂತು, ಎಂದರು. ಈ ಸಲ ಒಂದೇ ಥ್ಯಾಂಕ್ಯೂ ಹೇಳಿ ಎದ್ದೆ.

ಮಗಳನ್ನು ಒಪ್ಪಿಸುವುದು ಟೀಚರನ್ನು ಒಪ್ಪಿಸಿದ್ದಕ್ಕಿಂತ ಕಷ್ಟವಾಯಿತು. "ನೀನು ಯಾಕೆ ಹೋದೆ? ಸೋ ಎಂಬರಾಸಿಂಗ್!" ಎಂದು ಬಾಗಿಲು ಹಾಕಿಕೊಂಡಳು. ನಾನು ಬಾಗಿಲು ತಟ್ಟಲಿಲ್ಲ. ಮುಂದಿನ ಕೋಣೆಯಲ್ಲಿ ಕೂತು ಹೊಲಿದೆ. ಬುಧವಾರ ಎರಡು, ಗುರುವಾರ ಎರಡು. ಎಲ್ಲ ಒಂದೇ ಬಣ್ಣಕ್ಕೆ ಬರಲೆಂದು ಬೇಕೆಂದೇ ಕುಚ್ಚಲಕ್ಕಿ ತಿಳಿಯಲ್ಲಿ ಅದ್ದಿದೆ. ನಾಲ್ಕನೆಯದರ ಹೊತ್ತಿಗೆ ಅವಳು ಹೊರಗೆ ಬಂದಳು. ಸೌಟಿನ ಹಿಡಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಿಕೆ ಸುತ್ತಲು ಕೂತಳು. ಮೊದಲನೆಯ ಮಡಿಕೆಗೇ ಬೆರಳು ಸುಟ್ಟುಕೊಂಡು, "ಹೌ ಡಿಡ್ ಶಿ ಡು ದಿಸ್ ಆಲ್ ಹರ್ ಲೈಫ್?" ಎಂದಳು. ಬೆರಳಿಗೆ ತಣ್ಣೀರು ಹಾಕಿದೆ.

ಶುಕ್ರವಾರ ಮಧ್ಯಾಹ್ನ ಶಾಲೆಯ ಹಾಲ್ ಜನರಿಂದ ತುಂಬಿತ್ತು. ರಕ್ತ ಮೈಯೊಳಗೆ ಸುತ್ತುತ್ತದೆ ಎಂದು ತೋರಿಸಿದ ವೈದ್ಯನಿದ್ದ, ಪ್ರಿಸಮ್ಮಿನಲ್ಲಿ ಬೆಳಕು ಒಡೆದವನಿದ್ದ, ಗ್ರಹಗಳ ದಾರಿ ಲೆಕ್ಕ ಹಾಕಿದವನಿದ್ದ. ಐವರ ಕುತ್ತಿಗೆಯಲ್ಲಿ ನನ್ನ ಅಡುಗೆಮನೆಯ ಗಂಜಿ. ವಿದ್ವಾಂಸನ ಪಾತ್ರದ ಹುಡುಗಿ ಹತ್ತಿಯ ಗಡ್ಡ ಅಂಟಿಸಿಕೊಂಡಿದ್ದಳು. ಮಾತಾಡಿದಾಗಲೆಲ್ಲ ಒಂದು ಎಳೆ ಬಾಯಿಗೆ ಹೋಗುತ್ತಿತ್ತು. ಪಕ್ಕದಲ್ಲಿ ನನ್ನ ಮಗಳು, ತಲೆಗೆ ಕಪ್ಪು ಬಟ್ಟೆ. ಮುದ್ರಿಸಿ ಹಂಚಿದ ಪಟ್ಟಿಯಲ್ಲಿ ಹುಡುಕಿದೆ. ಅವಳ ಪಾತ್ರ ಇರಲಿಲ್ಲ. ಮತ್ತೆ ರಕ್ತ ತಲೆಗೇರಿತು.

ಟೀಚರ್ ನಾಲ್ಕೈದು ಮಂದಿ ತಂದೆತಾಯಂದಿರನ್ನು ಕರೆದುಕೊಂಡು ಅಲ್ಲಿಗೆ ಬಂದರು. ಇವರು ಮಹಾ ವಿದ್ವಾಂಸರು, ಇವರು ಅವರ ಹೆಲ್ಪರ್, ಎಂದು ಪರಿಚಯ ಮಾಡಿದರು. ನಾನು ಬಾಯಿ ತೆರೆದೇಬಿಟ್ಟಿದ್ದೆ.

"ನಾಟ್ ಹೆಲ್ಪರ್," ಎಂದಳು ಮಗಳು. ಗಟ್ಟಿಯಾಗಿ, ಟೀಚರಿಗೆ. "ಡಾಟರ್."

ಆಮೇಲೆ ತನ್ನ ಎರಡು ನಿಮಿಷ ಮಾತಾಡಿದಳು. ಎರಡಕ್ಕಿಂತ ಹೆಚ್ಚೇ ಆಯಿತು, ಯಾರೂ ನಿಲ್ಲಿಸಲಿಲ್ಲ. ಕಾಲರು, ಪಾಕದ ಹಣ್ಣು, ಏಳು ಕೀರ್ತನೆ, ಎಲ್ಲ ಹೇಳಿದಳು. ನಕ್ಕಿದ್ದ ಹುಡುಗಿಯರು ಅಲ್ಲೇ ಇದ್ದರು. ಅವರ ಕಡೆ ನೋಡಿಯೇ ಹೇಳಿದಳು. ಪಟ್ಟಿಯಲ್ಲಿ ಹೆಸರು ಹಾಕದ್ದಕ್ಕೆ ನನ್ನ ಸಿಟ್ಟು ಇವತ್ತಿಗೂ ಹೋಗಿಲ್ಲ, ಹೋಗಬೇಕೆಂದು ನಾನು ಪ್ರಾರ್ಥಿಸಿಯೂ ಇಲ್ಲ. ಆದರೆ ಆ ಒಂದು ಶಬ್ದವನ್ನು ಅವಳು ನನಗಿಂತ ಮೊದಲು ಹೇಳಿದಳು. ಅಷ್ಟು ಕೊಟ್ಟದ್ದಕ್ಕೆ ದೇವರಿಗೆ ಸ್ತೋತ್ರ.

ಮನೆಗೆ ಬಂದಾಗ ಐದು ಗಂಟೆ. ಬೆಳಿಗ್ಗೆ ತಂದಿಟ್ಟ ಬೂತಾಯಿ ಮೀನು ಫ್ರಿಜ್ಜಿನಲ್ಲಿತ್ತು. ಒಳ್ಳೆ ಚೂಡಿದಾರ್ ಬಿಚ್ಚಿಟ್ಟು ಹಳೆಯ ನೈಟಿ ಹಾಕಿಕೊಂಡು, ಸಿಂಕಿನ ಮುಂದೆ ನಿಂತು ಹುರುಪೆ ತೆಗೆಯತೊಡಗಿದೆ.