ಬಸ್ಸಿಗಾಗಿ ಓಡಿದ್ದು

ಹೆರಿಗೆಯಲ್ಲಿ ನನಗೆ ಗುದದ್ವಾರದ ಸ್ನಾಯುವಿನವರೆಗೂ ಹರಿದುಹೋಗಿತ್ತು. ಹೊಲಿಗೆ ಬೇಗ ಒಣಗಿತು, ಹಿಡಿತ ಮಾತ್ರ ವಾಪಸ್ ಬರಲಿಲ್ಲ. ಬಟ್ಟೆ ಕೆಟ್ಟೀತು ಅಂತ ಸೀನುವುದಕ್ಕೂ ಭಯ, ನಗುವುದಕ್ಕೂ ಭಯ. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ವ್ಯಾಯಾಮವನ್ನು ಮಗುವಿಗೆ ಹಾಲು ಕುಡಿಸುವಾಗಲೆಲ್ಲ ಮಾಡುತ್ತಾ ಎಂಟು ತಿಂಗಳು ಕಳೆದೆ. ಕೊನೆಗೊಂದು ದಿನ ಆಕೆ, "ಇನ್ನು ನೀವು ಓಡಬಹುದು" ಅಂದರು. ನನಗೆ ಧೈರ್ಯ ಬರಲಿಲ್ಲ.

ರಜೆ ಮುಗಿಸಿ ಆಫೀಸಿಗೆ ಹೊರಟ ಮೊದಲ ಬೆಳಿಗ್ಗೆ, ಸ್ವೋರ್ಡ್ಸ್ ಊರಿನ ನಮ್ಮ ರಸ್ತೆ ತಿರುಗುವಷ್ಟರಲ್ಲಿ ಬಸ್ಸು ಹೊರಡುವ ಹಾಗಿತ್ತು. ಯೋಚಿಸುವ ಮೊದಲೇ ಓಡಿಬಿಟ್ಟೆ. ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗು ದಪದಪ ಬಡಿಯುತ್ತಿತ್ತು. ಬಸ್ಸು ಹತ್ತಿ ಕಂಬಿ ಹಿಡಿದು, ಉಸಿರು ಬಿಗಿಹಿಡಿದು ಒಂದು ಕ್ಷಣ ನಿಂತೆ. ಏನೂ ಆಗಿರಲಿಲ್ಲ. ಎಲ್ಲಾ ನನ್ನ ಹಿಡಿತದಲ್ಲೇ ಇತ್ತು!

ನನ್ನ ಕಣ್ಣೀರು ಕಂಡು ವಯಸ್ಸಾದ ಡ್ರೈವರ್ ಗಾಬರಿಯಾದರು. "ಯಾಕಮ್ಮಾ ಓಡಿದೆ? ನಾನು ಕಾಯ್ತಿದ್ದೆನಲ್ಲ."

"ಹೆರಿಗೆಯಲ್ಲಿ ತುಂಬಾ ಹರಿದಿತ್ತು. ಆಮೇಲೆ ಇವತ್ತೇ ಓಡಿದ್ದು," ಅಂದುಬಿಟ್ಟೆ.

ಪಾಪ, ಅವರ ಕಿವಿಯವರೆಗೂ ಕೆಂಪಾಯಿತು. ರಸ್ತೆಯನ್ನೇ ನೋಡುತ್ತಾ ಮೆಲ್ಲಗೆ, "ನನ್ನ ಹೆಂಡತಿಗೂ ಹಾಗೇ ಆಗಿತ್ತು. ಆಗ ಯಾರೂ ಏನೂ ಹೇಳಿಕೊಡಲಿಲ್ಲ. ನೀನು ಓಡಿದ್ದನ್ನ ಕನ್ನಡಿಯಲ್ಲಿ ನೋಡಿದೆ. ಗ್ರ್ಯಾಂಡ್ ಆಗಿತ್ತು!" ಅಂದರು.

ಹೆರಿಗೆಯಾದಾಗಿನಿಂದ ಕೂರಲು ಬೇಕಾಗುತ್ತಿದ್ದ ದಿಂಬಿಲ್ಲದೆಯೇ, ಗಟ್ಟಿ ಸೀಟಿನ ಮೇಲೆ ರಾಣಿಯ ಹಾಗೆ ಕೂತೆ. ಏರ್‌ಪೋರ್ಟ್ ಕಂಡಾಗಲೇ ಗೊತ್ತಾಗಿದ್ದು, ಅಷ್ಟು ಓಡಿ ಹಿಡಿದದ್ದು ನಮ್ಮ ಆಫೀಸಿನ ಕಡೆಯ ಬಸ್ಸೇ ಅಲ್ಲ ಅಂತ.