ಮೂರು ಸಾಲಿಗೆ ಹಾಸಿದ ಬೆಡ್‌ಶೀಟು

ಮಣ್ಣಿನ ಟ್ರ್ಯಾಕಿನ ಕಾರ್ ರೇಸ್ ನೋಡಲು ಮೊದಲ ಸಲ ಹೋಗುವವರಿಗೆ ನಾನು ಹೇಳುವ ಬುದ್ಧಿಮಾತು ಒಂದೇ: ಬೇಲಿಯ ಹತ್ತಿರ ಕೂರಬೇಡಿ. ಹತ್ತಿರ ಕೂತಷ್ಟೂ ಚೆನ್ನಾಗಿ ಕಾಣುತ್ತದೆ ಎಂಬ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಕಾರು ತಿರುವಿನಲ್ಲಿ ಅಡ್ಡಡ್ಡ ಜಾರುತ್ತ ಬರುವಾಗ ಹಿಂದಿನ ಚಕ್ರ ಒದ್ದೆ ಜೇಡಿಮಣ್ಣನ್ನು ಹೆಂಟೆ ಹೆಂಟೆಯಾಗಿ ಎತ್ತಿ ಒಗೆಯುತ್ತದೆ. ಕಾಲರಿನೊಳಗೆ, ಕೋಕಿನ ಲೋಟದೊಳಗೆ, ಬಾಯಿ ತೆರೆದಿದ್ದರೆ ಬಾಯೊಳಗೂ.

ಹೊಸಬರನ್ನು ಕರೆದುಕೊಂಡು ಹೋಗುವವರಿಗೆ ಹೇಳಬೇಕಾದ ಮಾತು ಬೇರೆ. ಅದನ್ನು ಕಲಿಯಲು ನನಗೆ ಐದು ಬೇಸಿಗೆಗಳು ಮತ್ತು ಒಂದು ಕೆಟ್ಟ ಸಂಜೆ ಹಿಡಿಯಿತು.

ತೊಂಬತ್ತರ ದಶಕದ ಕೊನೆಯಲ್ಲಿ ಬೋಲಿಂಗ್‌ಬ್ರೂಕ್ ಎಂಬ ಅಮೆರಿಕನ್ ಊರಿನಲ್ಲಿ ನನ್ನದೊಂದು ಹಳೆಯ ಟೈರಿನ ಅಂಗಡಿಯಿತ್ತು. ಒಂದು ದಿನ ಒಬ್ಬ ಗಿರಾಕಿ ತನ್ನ ಟ್ರೇಲರಿಗೆ ಟೈರು ಕೇಳಿಕೊಂಡು ಬಂದ. ಅರ್ಧ ಗಂಟೆ ಚೌಕಾಸಿ ನಡೆಯಿತು. ನಾನು ಇಳಿಯಲಿಲ್ಲ, ಅವನು ಏರಲಿಲ್ಲ. ಕೊನೆಗೆ ಜೇಬಿನಿಂದ ಎರಡು ಟಿಕೆಟ್ ತೆಗೆದು ಕೌಂಟರಿನ ಮೇಲಿಟ್ಟು, “ಇದನ್ನೂ ಸೇರಿಸಿಕೋ” ಎಂದ. ಆ ಟ್ರೇಲರಿನಲ್ಲಿ ಅವನು ಸಾಗಿಸುತ್ತಿದ್ದದ್ದು ಸ್ಪ್ರಿಂಟ್ ಕಾರು: ನೆತ್ತಿಯ ಮೇಲೆ ತಗಡಿನ ರೆಕ್ಕೆ ಹೊತ್ತ, ಮೈಯೆಲ್ಲ ಎಂಜಿನ್ನೇ ಆದ ಪುಟ್ಟ ಕಾರು. ವ್ಯಾಪಾರ ಕುದುರಿತು.

ಬಿಟ್ಟಿ ಟಿಕೆಟ್ಟು ಬಿಡಬಾರದೆಂದು ಆ ಶನಿವಾರ ಹೆಂಡತಿಯನ್ನು ಕರೆದುಕೊಂಡು ದಕ್ಷಿಣಕ್ಕೆ ಎಪ್ಪತ್ತು ಮೈಲಿ ಹೋದೆ. ಸುತ್ತ ಮೆಕ್ಕೆಜೋಳದ ಹೊಲ, ನಡುವೆ ಮಣ್ಣಿನ ಟ್ರ್ಯಾಕು, ಅದಕ್ಕೆ ಮುಖ ಮಾಡಿದ ಮರದ ಹಲಗೆಯ ಮೆಟ್ಟಿಲುಗಳು. ಎಲ್ಲರಿಗಿಂತ ಮುಂದೆ, ಬೇಲಿಗೆ ಅಂಟಿಕೊಂಡೇ ಕೂತೆವು. ಮೊದಲ ಸುತ್ತಿಗೇ ಹೆಂಡತಿಯ ದುಪಟ್ಟಾ ಕೆಸರುಗದ್ದೆಯಾಯಿತು. ಆಗ ಮೇಲಿನಿಂದ ಒಬ್ಬ ಬಿಳಿಯ ಅಜ್ಜಿ ಮಣ್ಣು ತಡೆಯುವ ಎರಡು ಕನ್ನಡಕ ಹಿಡಿದುಕೊಂಡು ಮೆಲ್ಲಗೆ ಇಳಿದು ಬಂದರು.

“ಮೇಲೆ ಬನ್ನಿ. ಇಲ್ಲೇ ಕೂತ್ರೆ ನಿಮ್ಮನ್ನ ಅಗೆದು ತೆಗೀಬೇಕಾಗತ್ತೆ.”

ಮೇಲೆ ಹನ್ನೆರಡನೆಯ ಸಾಲಿನಲ್ಲಿ ಅವರ ಚೌಕಳಿ ಕಂಬಳಿ ಹಾಸಿತ್ತು. ಒಬ್ಬರಿಗೆ ಬೇಕಾದದ್ದಕ್ಕಿಂತ ಉದ್ದಕ್ಕಿತ್ತು. ಪಕ್ಕದ ಖಾಲಿ ಜಾಗದಲ್ಲಿ ನಮ್ಮನ್ನು ಕೂರಿಸಿಕೊಂಡರು. ಅಲ್ಲಿನ ಪದ್ಧತಿಯೇ ಹಾಗಂತೆ: ಮಧ್ಯಾಹ್ನ ಗೇಟು ತೆಗೆದ ಕೂಡಲೇ ಬಂದು ಹಲಗೆಯ ಮೇಲೆ ಕಂಬಳಿ ಹಾಸಿ ಹೋಗುತ್ತಾರೆ, ಅದನ್ನು ಯಾರೂ ಮುಟ್ಟುವುದಿಲ್ಲ. ನನಗೆ ನಗು ಬಂತು. ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದರಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ.

ಅಜ್ಜಿ ಬೆರಳು ಮಾಡಿ ಮಾಡಿ ತೋರಿಸಿದರು. ಈ ಕಾರುಗಳಿಗೆ ಸ್ಟಾರ್ಟರ್ ಇಲ್ಲ. ಹಿಂದಿನಿಂದ ಒಂದು ಟ್ರಕ್ಕು ತಳ್ಳಿದರೇ ಎಂಜಿನ್ ಹೊತ್ತಿಕೊಳ್ಳುವುದು. ಹಿಂದಿನ ಬಲಗಡೆಯ ಚಕ್ರ ಎಡಗಡೆಯದಕ್ಕಿಂತ ದೊಡ್ಡದು, ಹಾಗಾಗಿ ಕಾರು ತಾನಾಗಿಯೇ ಎಡಕ್ಕೆ ಎಳೆಯುತ್ತದೆ; ಅಲ್ಲಿನ ತಿರುವುಗಳೆಲ್ಲ ಎಡಕ್ಕೇ. ಅಂಥ ಜೋಡಿಯನ್ನು ನನ್ನ ಅಂಗಡಿಯಲ್ಲಿ ಕೊಟ್ಟಿದ್ದರೆ ಗಿರಾಕಿ ಅದೇ ಟೈರಿನಿಂದ ನನಗೆ ಬಾರಿಸುತ್ತಿದ್ದ.

“ಈಗ ಒಂದು ಕಾರು ಆರಿಸ್ಕೊಳ್ಳಿ” ಎಂದರು ಅಜ್ಜಿ. “ಗೆಲ್ಲೋ ಕಾರೇ ಬೇಕು ಅಂತಿಲ್ಲ. ನಿಮ್ಮದಾದ್ರೆ ಸಾಕು. ಎಲ್ಲಾನೂ ನೋಡ್ತೀನಿ ಅಂತ ಹೋದ್ರೆ ಏನೂ ಕಾಣಲ್ಲ.”

ಹೆಂಡತಿ ಮಾವಿನಹಣ್ಣಿನ ಬಣ್ಣದ್ದನ್ನು ಆರಿಸಿದಳು. ಅದು ಎಲ್ಲಕ್ಕಿಂತ ಕೊನೆಯದಾಗಿ ಬಂತು. ಕೂಗಿ ಕೂಗಿ ಅವಳ ಗಂಟಲು ಎರಡು ದಿನ ಕಟ್ಟಿಕೊಂಡಿತ್ತು.

ಹೀಗೆ ಐದು ಬೇಸಿಗೆಗಳು. ಹಲಗೆಯ ಮೇಲೆ ನಮ್ಮದೂ ಒಂದು ಜಾಗವಾಯಿತು. ಅಜ್ಜಿ ನನ್ನನ್ನು ಟೈರಿನವನೇ ಎಂದು ಕರೆಯುತ್ತಿದ್ದರು. ಅವರ ಪಕ್ಕದ ಜಾಗ ಮಾತ್ರ ಪ್ರತಿ ಶನಿವಾರವೂ ರೇಸ್ ಶುರುವಾಗುವ ಮೊದಲು ಖಾಲಿಯಿರುತ್ತಿತ್ತು. ತೀರಿಹೋದ ಯಜಮಾನರದಿರಬೇಕು ಎಂದುಕೊಂಡು ನಾನು ಕೇಳುವ ಗೋಜಿಗೆ ಹೋಗಿರಲಿಲ್ಲ.

ಆರನೆಯ ಬೇಸಿಗೆ, ಯಾರೋ ಕನ್ನಡದವರ ಮನೆಯ ಊಟದಲ್ಲಿ ನಾನು ರೇಸಿನ ಬಗ್ಗೆ ಕೊಚ್ಚಿಕೊಂಡೆ. ಏಳು ಕುಟುಂಬಗಳು ಹೊರಟು ನಿಂತವು. ಅವರಲ್ಲಿ ಒಂದು ಜೋಡಿ ಮಿಷಿಗನ್ನಿನ ರಾಚೆಸ್ಟರ್ ಹಿಲ್ಸ್‌ನಿಂದ ನಮ್ಮ ಪಕ್ಕದ ಡೌನರ್ಸ್ ಗ್ರೋವಿಗೆ ಬಂದು ತಿಂಗಳಾಗಿತ್ತಷ್ಟೆ. ಆ ಜೋಡಿಯ ಹುಡುಗಿ ಧಾರವಾಡದ ಕಡೆಯವಳು. ಇಷ್ಟು ಜನಕ್ಕೆ ಜಾಗ ಹಿಡಿಯುವ ಹೊಣೆ ನನ್ನದು. ಗೇಟು ತೆಗೆಯುವ ಹೊತ್ತಿಗೇ ಹೋಗಿ, ಮನೆಯಲ್ಲಿದ್ದ ಬೆಡ್‌ಶೀಟುಗಳನ್ನೆಲ್ಲ ಹನ್ನೊಂದರಿಂದ ಹದಿಮೂರನೆಯ ಸಾಲಿನವರೆಗೆ ಹಾಸಿಬಿಟ್ಟೆ.

“ಮದುವೆ ಛತ್ರ ಮಾಡ್ಬಿಟ್ರಲ್ರೀ. ಆ ಅಜ್ಜಿ ಎಲ್ಲಿ ಕೂರ್ತಾರೆ?” ಎಂದಳು ಹೆಂಡತಿ.

ಅಜ್ಜಿಯ ಕಂಬಳಿ ಇನ್ನೂ ಬಿದ್ದಿರಲಿಲ್ಲ. ಮಂಡಿ ನೋವೆಂದು ಹಿಂದಿನ ವಾರ ಅವರು ಬಂದಿರಲಿಲ್ಲ. ಇವತ್ತೂ ಬರಲಿಕ್ಕಿಲ್ಲ ಎಂದು, ನನಗೆ ಅನುಕೂಲವಾದ ಲೆಕ್ಕವನ್ನೇ ನಾನು ಹಾಕಿಕೊಂಡೆ.

ಜನ ಬಂದರು. ಐಸ್ ಬಾಕ್ಸುಗಳು ತೆರೆದವು, ಪುಳಿಯೋಗರೆ, ಕೋಡುಬಳೆ ಹೊರಬಂದವು. ಯಾವ ಸ್ಕೂಲ್ ಡಿಸ್ಟ್ರಿಕ್ಟ್ ಒಳ್ಳೆಯದು, ಯಾರ ಗ್ರೀನ್ ಕಾರ್ಡ್ ಎಲ್ಲಿಗೆ ಬಂತು ಎಂಬ ಮಾತು ಶುರುವಾಯಿತು. ಅಭ್ಯಾಸದ ಸುತ್ತಿಗೆ ಕಾರುಗಳು ಗುಡುಗಿಕೊಂಡು ಹೊರಬಿದ್ದಾಗ ನಾನು ತಿರುಗಿ ನೋಡಿದೆ. ಕೆಳಗೆ, ಬೇಲಿಯಿಂದ ಮೂರನೆಯ ಸಾಲಿನಲ್ಲಿ, ಮಡಿಸಿದ ಚೌಕಳಿ ಕಂಬಳಿಯನ್ನು ತೊಡೆಯ ಮೇಲಿಟ್ಟುಕೊಂಡು ಅಜ್ಜಿ ಒಬ್ಬರೇ ಕೂತಿದ್ದರು. ಬಂದು, ನಮ್ಮನ್ನು ನೋಡಿ, ಹಾಗೇ ಇಳಿದುಹೋಗಿರಬೇಕು. ಮಣ್ಣಿನ ಹೆಂಟೆಗಳು ಅವರ ಹೆಗಲ ಮೇಲೆ ಬೀಳುತ್ತಿದ್ದವು.

ಕೈಯಲ್ಲಿದ್ದ ಕೋಡುಬಳೆಯನ್ನು ಡಬ್ಬಿಗೇ ಹಾಕಿ ಎದ್ದೆ. ಇನ್ನು ಮುಂದೆ ಈ ಮೆಟ್ಟಿಲಿನ ಜನರ ಮುಖ ನೋಡುವುದು ಹೇಗೆ ಎನ್ನಿಸಿತು. ಇಳಿದು ಹೋದೆ.

“ಮೇಲೆ ಬನ್ನಿ, ಶೀಟ್ ತೆಗೀತೀನಿ.”

“ಹಾಸಿದ್ದನ್ನ ತೆಗೆಸೋ ಪದ್ಧತಿ ಇಲ್ಲಿಲ್ಲ. ಮೊದಲು ಹಾಸಿದೋರದ್ದೇ ಜಾಗ.”

“ತಪ್ಪಾಯ್ತು. ನಿಮ್ಮ ಯಜಮಾನರ ಜಾಗಾನೂ ಮುಚ್ಚಿಬಿಟ್ಟೆ.”

ಅಜ್ಜಿ ಕನ್ನಡಕ ಹಣೆಗೇರಿಸಿ ನನ್ನನ್ನೇ ನೋಡಿದರು. “ನನ್ನ ಗಂಡನಿಗೆ ಈ ಸದ್ದೇ ಆಗ್ತಿರ್ಲಿಲ್ಲ. ಶನಿವಾರ ಬಂದ್ರೆ ಗಾಳ ತಗೊಂಡು ಕೆರೆಗೆ ಓಡ್ತಿದ್ದ. ಆ ಜಾಗ ಮೊದಲನೇ ಸಲ ಬರೋರಿಗೆ. ನೀನು ಬಂದು ಕೂತಿದ್ದು ಎಲ್ಲಿ ಅಂದ್ಕೊಂಡಿದ್ದೆ, ಟೈರಿನವನೇ?”

ನಾನು ಅವರ ಪಕ್ಕದ ಹಲಗೆಯ ಮೇಲೆ ಕೂತೆ.

“ಹೋಗ್ಲಿ, ನಿನ್ನ ಜನದಲ್ಲಿ ಒಬ್ಬರಾದ್ರೂ ಕಾರು ಆರಿಸಿದ್ರಾ?”

ಮೇಲೆ ನೋಡಿದೆ. ಎಲ್ಲರೂ ಡಬ್ಬಿಗಳ ಸುತ್ತ ಗುಂಪಾಗಿದ್ದರು. ಅರ್ಧ ಜನರ ಬೆನ್ನು ಟ್ರ್ಯಾಕಿನ ಕಡೆಗಿತ್ತು.

ನನಗೆ ಗೊತ್ತಿರುವುದು ಒಂದೇ ವಿದ್ಯೆ. “ಏನು ಕೊಟ್ರೆ ಮೇಲೆ ಬರ್ತೀರಿ?” ಎಂದೆ.

“ಇಬ್ಬರನ್ನ ಕೊಡು.”

“ಎಲ್ಲರನ್ನೂ ತಗೊಳ್ಳಿ.”

“ಅಷ್ಟು ನನ್ನ ಕೈಲಾಗಲ್ಲ. ಇಬ್ಬರೇ. ಉಳಿದೋರನ್ನ ಬೇರೆಯೋರಿಗೆ ಹಂಚು.”

ಹೋಗಿ ಬೆಡ್‌ಶೀಟು ಎಳೆಯತೊಡಗಿದೆ. ಗೊಣಗಾಟ ಎದ್ದಿತು. “ಏನ್ ಅಂಕಲ್, ಎಲ್ಲಾ ಒಟ್ಟಿಗೆ ಕೂರೋಣ ಅಂತ ತಾನೇ ಬಂದಿದ್ದು?”

“ಒಟ್ಟಿಗೆ ಕೂರೋಕೆ ನಿಮ್ಮ ಮನೆ ಬೇಸ್‌ಮೆಂಟ್ ಇದೆಯಲ್ಲಪ್ಪ. ಎಪ್ಪತ್ತು ಮೈಲಿ ಬಂದಿದ್ದು ಯಾಕೆ?”

ಒಂದು ಕುಟುಂಬವನ್ನು ಒಬ್ಬ ಮೆಕ್ಕೆಜೋಳದ ರೈತನ ಕಂಬಳಿಯ ಪಕ್ಕಕ್ಕೆ, ಇನ್ನೊಂದನ್ನು ಇಬ್ಬರು ವೆಲ್ಡರ್‌ಗಳ ನಡುವೆ, ಹೀಗೆ ಹಂಚಿದೆ. ಕೇಳಿದ ಕಡೆಯಲ್ಲೆಲ್ಲ ಜನ ಸರಿದು ಜಾಗ ಮಾಡಿಕೊಟ್ಟರು. ಹೊಸಬರನ್ನು ಕರೆದೊಯ್ಯುವವರಿಗೆ ನಾನು ಹೇಳುವ ಮಾತು ಇದೇ: ಅವರನ್ನು ನಿಮ್ಮ ಪಕ್ಕದಲ್ಲಿ ಕೂರಿಸಿಕೊಳ್ಳಬೇಡಿ. ಗೊತ್ತಿದ್ದವರ ಪಕ್ಕ ಕೂತವನು ಗೊತ್ತಿದ್ದದ್ದನ್ನೇ ಮಾತಾಡಿಕೊಂಡು ಮನೆಗೆ ಹೋಗುತ್ತಾನೆ. ಈ ಮಾತು ಎಲ್ಲರಿಗೂ ರುಚಿಸುವುದಿಲ್ಲ, ಅದೂ ನಿಜ. ಒಂದು ಕುಟುಂಬ ಮುಖ ಊದಿಸಿಕೊಂಡು ಮೊದಲ ರೇಸಿಗೇ ಹೊರಟುಹೋಯಿತು; ಆಮೇಲೆ ಅಂಗಡಿಯ ಮುಂದೆ ಹಾದುಹೋದರೂ ಕೈಯೆತ್ತುತ್ತಿರಲಿಲ್ಲ.

ಮಿಷಿಗನ್ನಿನ ಜೋಡಿಯನ್ನು ಅಜ್ಜಿಗೆ ಒಪ್ಪಿಸಿದೆ. ಅಜ್ಜಿ ಒಂದೊಂದೇ ಮೆಟ್ಟಿಲು ಹತ್ತಿ ಬಂದು ಹನ್ನೆರಡನೆಯ ಸಾಲಿನಲ್ಲಿ ಕಂಬಳಿ ಹಾಸಿದರು.

“ಅಂಕಲ್, ಇವರ ಇಂಗ್ಲಿಷ್ ನನಗ ತಿಳಿಯಂಗಿಲ್ರೀ” ಎಂದಳು ಹುಡುಗಿ.

“ಅವರ ಬೆರಳು ನೋಡಮ್ಮ, ಸಾಕು.”

ಅವಳು ನೇರಳೆ ರೆಕ್ಕೆಯ ಕಾರನ್ನು ಆರಿಸಿದಳು. ಮೂರನೆಯ ಸುತ್ತಿಗೆ ಅದು ಗಿರ್ರನೆ ತಿರುಗಿ, ಎಂಜಿನ್ ಆರಿ, ಅಡ್ಡ ನಿಂತಿತು. ತಳ್ಳುವ ಟ್ರಕ್ಕು ಹಿಂದೆ ಬಂತು. ಹುಡುಗಿ ಹಲಗೆಯ ಮೇಲೆ ಎದ್ದು ನಿಂತು ಕೂಗಿದಳು, “ತಳ್ಳ್ರೋ! ಜೋರ ತಳ್ಳ್ರೋ!”

ಅಜ್ಜಿಗೆ ಆ ಶಬ್ದ ಹಿಡಿಸಿತು. ಅವರೂ ಕೈ ಬೀಸಿ “ತಳ್ರೋ!” ಎಂದರು. ಎಂಜಿನ್ ಹೊತ್ತಿಕೊಂಡಿತು.

ಮುಂದಿನ ಎರಡು ಶನಿವಾರ ಅಂಗಡಿ ಬಿಟ್ಟು ಹೋಗಲಾಗಲಿಲ್ಲ. ಮೂರನೆಯದಕ್ಕೆ ಒಂದೇ ಒಂದು ಬೆಡ್‌ಶೀಟು ಹಿಡಿದು ಹೋದೆ. ಚೌಕಳಿ ಕಂಬಳಿ ಆಗಲೇ ಹಾಸಿತ್ತು. ಮಂಡಿ ನೋವಿನ ಅಜ್ಜಿ ಕೆಳಗೆ ತಮ್ಮ ಕಾರಿನಲ್ಲೇ ಇದ್ದರು. ಬೇಗ ಬಂದು ಹಾಸಿಕೊಟ್ಟವಳು ಧಾರವಾಡದ ಹುಡುಗಿ. ಮೂವತ್ತು ಮೈಲಿ ಸಹ ಒಬ್ಬಳೇ ಡ್ರೈವ್ ಮಾಡದವಳು ತಾನೇ ಕಾರು ಓಡಿಸಿಕೊಂಡು ಬಂದಿದ್ದಳು. ನಾನು ಖುಷಿಯಿಂದ ಅವಳ ಪಕ್ಕದ ಖಾಲಿ ಜಾಗದಲ್ಲಿ ಕೂರಲು ಹೋದೆ. ಅವಳು ಅಂಗೈ ಚಾಚಿ ಅಡ್ಡ ಹಿಡಿದಳು.

“ಇಲ್ಲೆ ಕೂಡಬ್ಯಾಡ್ರೀ ಅಂಕಲ್. ಇದು ಹೊಸಬರಿಗೆ.”

ನಾನು ಚೌಕಾಸಿ ಮಾಡಲಿಲ್ಲ. ಒಂದು ಸಾಲು ಹಿಂದಕ್ಕೆ ಹೋಗಿ ಹೆಂಡತಿಗೂ ನನಗೂ ಆಗುವಷ್ಟು ಹಾಸಿದೆ. ಆಮೇಲೆ ಎದ್ದು ಶೀಟನ್ನು ಪಕ್ಕಕ್ಕೆ ಇನ್ನೂ ಒಂದು ಮೊಳ ಎಳೆದೆ.