ಹುಣಸೆಮರದ ಹೊಲದ ವಿಡಿಯೋ

ತಿರುಮಣಿಯ ಸೋಲಾರ್ ಪಾರ್ಕಿನ ಆಫೀಸಿನಲ್ಲಿ ನಾನು ಕೆಲಸಕ್ಕಿದ್ದಾಗ ಪಕ್ಕದ ಕುರ್ಚಿಯಲ್ಲಿ ಅಕ್ಕ ಕೂರುತ್ತಿದ್ದಳು. ಒಡಹುಟ್ಟಿದವಳಲ್ಲ, ನನಗಿಂತ ಸ್ವಲ್ಪ ದೊಡ್ಡವಳು, ಆ ಊರಿನವಳೇ. ನಾನು ಐ.ಡಿ.ಹಳ್ಳಿಯಿಂದ ಬಸ್ಸು ಬದಲಿಸಿ ಬರುವಷ್ಟರಲ್ಲಿ ಅವಳು ಎರಡೂ ಕಂಪ್ಯೂಟರ್ ಆನ್ ಮಾಡಿ, ಮೇಜಿನ ಧೂಳು ಒರೆಸಿರುತ್ತಿದ್ದಳು. ಅವಳ ಮಾತಿನ ಕೊನೆಗೆ, ‘ಅಲ್ವಾ’ ಅನ್ನುವ ಹಾಗೆ, ಒಂದು ತೆಲುಗಿನ ‘ಕದಾ’ ಅಂಟಿಕೊಂಡೇ ಬರುತ್ತಿತ್ತು.

ಕಂಬಗಳ ಮೇಲಿನ ಕ್ಯಾಮೆರಾಗಳು ಹಗಲೆಲ್ಲ ತೆಗೆದ ಫೋಟೋಗಳನ್ನು ಜೋಡಿಸಿ ಚಿಕ್ಕ ವಿಡಿಯೋ ಮಾಡಿ ಮೇಲಿನವರಿಗೆ ಕಳಿಸುವುದು ನಮ್ಮ ಕೆಲಸಗಳಲ್ಲೊಂದು. ಜೋಡಿಸಲು ಒಂದು ಪ್ರೋಗ್ರಾಮ್ ಇತ್ತು. ಅದಕ್ಕೆ ಒತ್ತಲು ಬಟನ್ ಇರಲಿಲ್ಲ. ಕಪ್ಪು ಪರದೆಯಲ್ಲಿ ಉದ್ದನೆಯ ಕಮಾಂಡ್ ಟೈಪ್ ಮಾಡಬೇಕು, ಅದು ಮುಗಿಯುವವರೆಗೆ ಕಾಯಬೇಕು, ಮುಂದಿನ ಕ್ಯಾಮೆರಾಗೆ ಮತ್ತೆ ಟೈಪ್ ಮಾಡಬೇಕು. ಬೇಸತ್ತು, ಮೊಬೈಲಿನಲ್ಲಿ ಪಾಠ ನೋಡಿ ಕಲಿತ ಕಂಪ್ಯೂಟರ್ ಭಾಷೆ ಪೈಥಾನ್‌ನಲ್ಲಿ ನಾನೊಂದು ಸ್ಕ್ರಿಪ್ಟ್ ಬರೆದೆ. ಪ್ರತಿ ಕ್ಯಾಮೆರಾದ ಫೋಲ್ಡರಿಗೂ ಆ ಪ್ರೋಗ್ರಾಮನ್ನು ಅದೇ ಕರೆದು ಕೆಲಸ ಮಾಡಿಸಲಿ ಎಂದು.

ಎಲ್ಲ ಕ್ಯಾಮೆರಾದ್ದೂ ಆಯಿತು, ಒಂದರದ್ದು ಮಾತ್ರ ಆಗಲಿಲ್ಲ. ‘ಅಂಥ ಫೈಲ್ ಇಲ್ಲ’ ಎಂದು ಪರದೆ ಹೇಳಿತು. ನೋಡಿದರೆ, ಉಳಿದ ಫೋಲ್ಡರುಗಳಿಗೆಲ್ಲ ನಂಬರು, ಇದಕ್ಕೆ ಮಾತ್ರ ಅಕ್ಕ ಕನ್ನಡದಲ್ಲಿ ‘ಹುಣಸೆಮರದ ಹೊಲ’ ಎಂದು ಹೆಸರಿಟ್ಟಿದ್ದಳು. ನಡುವೆ ಇದ್ದ ಖಾಲಿ ಜಾಗ ಕಂಡು ಕಂಪ್ಯೂಟರ್ ಅದನ್ನು ಎರಡು ಬೇರೆ ಬೇರೆ ಹೆಸರೆಂದು ತಿಳಿದಿತ್ತು. ಎರಡು ಪದಗಳ ನಡುವೆ ಒಂದು ಗೆರೆ ಹಾಕಿ ಕೂಡಿಸಿಬಿಡೋಣ ಅಂದೆ. ಅವಳು ನನ್ನ ಕೈ ಹಿಡಿದಳು.

“ಅಂಗೇ ಇರ್ಲಿ ಬುಡು ಕಣಮ್ಮ. ನಮ್ಮವ್ವ ಆ ಹೊಲನ ಅಂಗೇ ಕರೀತಿದ್ದಿದ್ದು ಕದಾ.”

ಆಗಲೇ ನನಗೆ ಗೊತ್ತಾಗಿದ್ದು. ಆ ಕ್ಯಾಮೆರಾ ಕಾಣುತ್ತಿದ್ದ ಜಾಗ ಅವರ ಮನೆಯ ಹೊಲವಾಗಿತ್ತು. ಪಾರ್ಕಿಗೆ ಗುತ್ತಿಗೆ ಕೊಟ್ಟ ಮೇಲೆ ಮರವೂ ಇಲ್ಲ, ಬದುವೂ ಇಲ್ಲ. ಹಿಂದಿನ ಗುಡ್ಡದ ಅಂಚು ನೋಡಿ ಗುರುತು ಹಿಡಿದಿದ್ದಳು. ಕೊಟ್ಟದ್ದಕ್ಕೆ ಅವಳಿಗೆ ಬೇಸರವಿರಲಿಲ್ಲ. ಅವ್ವ ಕಡ್ಲೇಕಾಯಿ ಕೀಳುತ್ತಿದ್ದ ಸಾಲು ಯಾವುದಿರಬಹುದು ಎಂದು ಹುಡುಕುವುದನ್ನು ಮಾತ್ರ ಬಿಡಲಿಲ್ಲ. ಅವ್ವ ತೀರಿಕೊಂಡು ಆಗಲೇ ಕೆಲವು ವರ್ಷವಾಗಿತ್ತು.

ಹೆಸರು ಮುಟ್ಟದೆ ದಾರಿ ಹುಡುಕಿದೆ. ಕಮಾಂಡನ್ನು ಒಂದೇ ಉದ್ದ ಸಾಲಾಗಿ ಕೊಡದೆ, ಪ್ರೋಗ್ರಾಮಿನ ಹೆಸರು ಒಂದು ತುಂಡು, ಫೋಲ್ಡರಿನ ಹೆಸರು ಒಂದು ತುಂಡು ಎಂದು ಬಿಡಿಬಿಡಿಯಾಗಿ ಕೊಟ್ಟರೆ ಪೈಥಾನ್ ಪ್ರತಿ ತುಂಡನ್ನೂ ಒಡೆಯದೆ ದಾಟಿಸುತ್ತದೆ. ಹಾಗೆ ಮಾಡಿದ ದಿನ ವಿಡಿಯೋ ಬಂತು. ಬೆಳಗಿನ ನೆರಳುಗಳು ಫಲಕಗಳ ಮೇಲೆ ಸರಸರನೆ ಸರಿದು, ಮೋಡವೊಂದು ಹಾದು, ಸಂಜೆಯಾಗಿಬಿಟ್ಟಿತು. ಅಕ್ಕ ಮತ್ತೊಮ್ಮೆ ಹಾಕು ಎಂದು ಬೆರಳಲ್ಲೇ ತೋರಿಸಿದಳು.

ಅಂದಿನಿಂದ ಊಟದ ಹೊತ್ತಿಗೆ ಬುತ್ತಿ ಬಿಚ್ಚಿಕೊಂಡು ನಾವಿಬ್ಬರೂ ಆ ವಿಡಿಯೋ ನೋಡುತ್ತಿದ್ದೆವು. ಮಳೆ ಬಿದ್ದ ವಾರ ಸಾಲುಗಳ ನಡುವೆ ಹಸಿರು ಕಂಡಿತು. ಹುಲ್ಲೋ ಕಡ್ಲೆಗಿಡವೋ ಎಂದು ಅವಳು ಪರದೆಗೆ ಮುಖ ತಾಗಿಸಿ ನೋಡಿದಳು. ಮರುವಾರ ಅದನ್ನು ಕತ್ತರಿಸುವವರು ಬಂದು ಹೋಗಿದ್ದರು.

ಆಮೇಲೆ ಅವಳಿಗೆ ಮಡಕಶಿರಾ ಕಡೆಗೆ ಮದುವೆಯಾಯಿತು. ಹೊರಡುವಾಗ, ವಿಡಿಯೋ ಕಳಿಸುತ್ತಿರು ಎಂದಳು. ಸಾಹೇಬರನ್ನು ಕೇಳಿ ಒಪ್ಪಿಗೆ ಪಡೆದು, ತಿಂಗಳಿಗೊಂದು ಕಳಿಸುತ್ತಿದ್ದೆ. ಬೆಳಗ್ಗೆ ಬಂದು ಸ್ಕ್ರಿಪ್ಟ್ ಓಡಿಸಿದರೆ ಪರದೆಯಲ್ಲಿ ಸಾಲು ಮೇಲೆ ಸಾಲು ಉರುಳುತ್ತಿತ್ತು. ಪಕ್ಕದ ಕುರ್ಚಿಯಲ್ಲಿ ಬೇರೆ ಯಾರೋ ಕೂತಿರುತ್ತಿದ್ದರು. ಮಧ್ಯಾಹ್ನ ಒಬ್ಬಳೇ ಉಣ್ಣುವಾಗ ‘ಮತ್ತೊಮ್ಮೆ ಹಾಕು’ ಎನ್ನುವವರಿರಲಿಲ್ಲ.

ಒಂದು ದಿನ ಅವಳೇ ಫೋನ್ ಮಾಡಿದಳು. ಅತ್ತೆ, ಮನೆ, ರೇಷ್ಮೆಹುಳು ಎಲ್ಲ ಹೇಳಿ, “ಇನ್ಮೇಲೆ ಅದ್ನ ಕಳುಸ್ಬೇಡ ಕಣೆ” ಅಂದಳು. “ನೋಡಿದ್ರೆ ದಿನವೆಲ್ಲ ಕೈ ಕೆಲಸಕ್ಕೆ ಹೋಗಾಕಿಲ್ಲ. ನೀನೇ ಬಂದ್ಬುಡು.”

ನಾನು ಹೂಂ ಅಂದೆ. ಆ ವರ್ಷವೇ ನನಗೆ ಮಧುಗಿರಿಯಲ್ಲಿ ಕೆಲಸ ಸಿಕ್ಕಿತು.

ಕಳೆದ ಸಂಕ್ರಾಂತಿಯ ಮಾರನೆಯ ದಿನ ಅವಳಲ್ಲಿಗೆ ಹೋಗಿಬಂದೆ. ಹಿಪ್ಪುನೇರಳೆ ಸೊಪ್ಪಿನ ರಾಶಿಯ ನಡುವೆ ಕೂತಿದ್ದವಳು ಎದ್ದು ಬಂದು ಅಪ್ಪಿಕೊಂಡಳು. ಸೆರಗಿಗೆಲ್ಲ ಎಲೆ ಅಂಟಿತ್ತು. ಪಾರ್ಕಿನ ಮಾತು ಅವಳೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಹುಳುಗಳಿಗೆ ಸೊಪ್ಪು ಹಾಕುತ್ತಾ, ನನ್ನ ಮದುವೆ, ಅವಳ ಮಗಳ ಹಟ, ಇವೇ ಮಾತು. ಸಂಜೆ ಬಸ್ಸು ಬಂದಾಗ ನನ್ನ ಚೀಲಕ್ಕೆ ಎಳ್ಳುಂಡೆ ತುರುಕಿ, ಬಸ್ಸು ಹೊರಡುವವರೆಗೆ ಕಿಟಕಿಯ ಸರಳು ಹಿಡಿದು ನಿಂತಿದ್ದಳು. ಮತ್ತೆ ಯಾವಾಗ ಎಂದು ಕೇಳಿದಳು. ಬೇಗ ಬರುತ್ತೇನೆ ಅಂದೆ. ಹೋಗಲು ಇನ್ನೂ ಆಗಿಲ್ಲ.